ಚಾಳೀಸಿನ ಚರಿತ್ರೆ: ಒಂದೇ ಲೆನ್ಸಿನಲ್ಲಿ ದೂರವೂ ಹತ್ತಿರವೂ

ಚಾಳೀಸು ಅನ್ನೋ ಪದ ನನಗೆ ತುಂಬಾ ಇಷ್ಟ. ಹಿಂದಿ, ಮರಾಠಿಯಲ್ಲಿ ಅದು ಬರೀ ನಲವತ್ತು. ಕನ್ನಡಕ್ಕೆ ಬಂದ ಮೇಲೆ ಕಣ್ಣಿನ ತೊಂದರೆಯ ಹೆಸರೂ ಆಯ್ತು, ಆ ತೊಂದರೆಗೆ ಹಾಕಿಕೊಳ್ಳೋ ಕನ್ನಡಕದ ಹೆಸರೂ ಆಯ್ತು. "ಅವರಿಗೆ ಚಾಳೀಸು ಬಂದಿದೆ" ಅಂದ್ರೆ ಪೇಪರನ್ನ ಕೈ ಉದ್ದಕ್ಕೆ ಚಾಚಿ ಓದೋಕೆ ಶುರು ಮಾಡಿದ್ದಾರೆ ಅಂತ ಅರ್ಥ. ಡಾಕ್ಟರು ಇದನ್ನೇ ಪ್ರೆಸ್ಬಯೋಪಿಯಾ ಅಂತಾರೆ. ನಮ್ಮೋರು ಮಾತ್ರ ನೇರವಾಗಿ ವಯಸ್ಸನ್ನೇ ಹೇಳಿ ಮುಗಿಸಿದ್ದಾರೆ.

ಬರಹ, ನುಡಿಯಲ್ಲಿ ಟೈಪ್ ಮಾಡುತ್ತಾ ಬ್ಲಾಗ್ ಲೋಕಕ್ಕೆ ಬಂದ ನಮ್ಮಲ್ಲಿ ಬಹಳ ಜನ ಈಗ ಈ ಚಾಳೀಸಿನ ಬಳಗಕ್ಕೆ ಸೇರಿದ್ದೇವೆ ಅಂತ ನನ್ನ ಗುಮಾನಿ. ನಾನಂತೂ ಸೇರಿಯಾಗಿದೆ :) ನನಗೆ ಮೊದಲಿಂದ ದೂರದ ಪವರ್ ಇತ್ತು, ಈಗ ಓದೋ ಪವರ್ರೂ ಬಂತು. ಎರಡಕ್ಕೂ ಸೇರಿ ಪ್ರೋಗ್ರೆಸಿವ್ ಲೆನ್ಸ್ ಮಾಡಿಸಬೇಕು. ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ಮೂರು ಬೆಲೆ ಇದ್ವು: 6,000, 18,000, 42,000. ಮೂರರ ಹೆಸರೂ ಪ್ರೋಗ್ರೆಸಿವ್. ಕೊನೆಯದರಲ್ಲಿ "ಸೈಡ್ ಬ್ಲರ್ ಇರೋದೇ ಇಲ್ಲ ಸಾರ್" ಅನ್ನೋ ಭರವಸೆ ಬೇರೆ. ಏಳು ಪಟ್ಟು ಹಣಕ್ಕೆ ಸಿಗೋದೇನು ಅಂತ ತಿಳೀಬೇಕು ಅನ್ನಿಸ್ತು. ಜಾಹೀರಾತಿನಲ್ಲಿ ಉತ್ತರ ಸಿಗಲಿಲ್ಲ. ಈ ಲೆನ್ಸು ನಡೆದು ಬಂದ ದಾರಿಯಲ್ಲಿ ಸಿಕ್ಕಿತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಕಣ್ಣಿನ ಕಥೆ. ನಮ್ಮ ಕಣ್ಣೊಳಗೆ ಒಂದು ಮೆತ್ತಗಿನ ಮಸೂರ ಇದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬುತ್ತೆ, ದೂರದ್ದನ್ನು ನೋಡುವಾಗ ಚಪ್ಪಟೆ ಆಗುತ್ತೆ. ಹತ್ತು ವರ್ಷದ ಹುಡುಗ ಪುಸ್ತಕವನ್ನ ಮೂಗಿನಿಂದ 7-8 ಸೆಂಟಿಮೀಟರ್ ದೂರ ಹಿಡಿದೂ ಓದಬಲ್ಲ. ವಯಸ್ಸಾದ ಹಾಗೆ ಮಸೂರ ಗಟ್ಟಿಯಾಗುತ್ತಾ ಹೋಗುತ್ತೆ. ಅರವತ್ತರ ಹೊತ್ತಿಗೆ ಈ ಶಕ್ತಿ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತೆ. ಕ್ಯಾರೆಟ್ ತಿಂದರೂ ಕಣ್ಣಿನ ವ್ಯಾಯಾಮ ಮಾಡಿದರೂ ಗಟ್ಟಿಯಾದ ಮಸೂರ ಮತ್ತೆ ಮೆತ್ತಗಾಗಲ್ಲ. ಈ ಕೆಲಸ ಮಾಡೋದು ಒಳಗಿನ ಮಸೂರವೇ, ಕಣ್ಣಿನ ಹೊರಪದರ ಅಲ್ಲ ಅಂತ ತೋರಿಸಿದವನು ಇಂಗ್ಲೆಂಡಿನ ಥಾಮಸ್ ಯಂಗ್. ತನ್ನ ಕಣ್ಣಿಗೇ ನೀರು ತುಂಬಿದ ಕೊಳವೆ ಹಿಡಿದು, ಹೊರಪದರದ ಶಕ್ತಿಯನ್ನು ಇಲ್ಲದಂತೆ ಮಾಡಿ ನೋಡಿದ. ಆಗಲೂ ಕಣ್ಣು ದೂರಕ್ಕೂ ಹತ್ತಿರಕ್ಕೂ ಹೊಂದಿಕೊಳ್ಳುತ್ತಿತ್ತು. ಇದನ್ನ ಅವನು ಪ್ರಕಟಿಸಿದ್ದು 1801ರಲ್ಲಿ.

ಕಾರಣ ತಿಳಿಯೋಕೆ 1801ರ ತನಕ ಕಾಯಬೇಕಾಯ್ತು, ಆದರೆ ಔಷಧಿ ಅದಕ್ಕೂ ಐನೂರು ವರ್ಷ ಮೊದಲೇ ಸಿಕ್ಕಿತ್ತು! 1306ರ ಫೆಬ್ರವರಿ 23ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಜೋರ್ದಾನೋ ಅನ್ನೋ ಪಾದ್ರಿ ಪ್ರವಚನ ಮಾಡ್ತಾ, ಕನ್ನಡಕ ಮಾಡೋ ಕಲೆ ಸಿಕ್ಕಿ ಇನ್ನೂ ಇಪ್ಪತ್ತು ವರ್ಷ ಕೂಡ ಆಗಿಲ್ಲ ಅಂತ ಹೇಳಿದ್ದು ದಾಖಲಾಗಿದೆ. ಆ ಲೆಕ್ಕದಲ್ಲಿ ಕನ್ನಡಕ ಹುಟ್ಟಿದ್ದು 1286ರ ಸುಮಾರಿಗೆ. 1352ರಲ್ಲಿ ತೊಮ್ಮಾಸೊ ದ ಮೊದೆನಾ ಟ್ರೆವಿಸೊ ಊರಿನ ಮಠದ ಗೋಡೆಯ ಮೇಲೆ ಬರೆದ ಚಿತ್ರದಲ್ಲಿ ಒಬ್ಬ ಕಾರ್ಡಿನಲ್ ಮೂಗಿನ ಮೇಲೆ ಕನ್ನಡಕ ಸಿಕ್ಕಿಸಿಕೊಂಡು ಕೂತಿದ್ದಾನೆ. ಗಮನಿಸಬೇಕಾದ್ದು ಏನು ಅಂದ್ರೆ, ಆ ಮೊದಲ ಕನ್ನಡಕಗಳೆಲ್ಲ ಉಬ್ಬು ಗಾಜಿನವು. ಹತ್ತಿರದ್ದನ್ನು ಓದೋಕೆ ಇದ್ದವು. ಅಂದ್ರೆ ಜಗತ್ತಿನ ಮೊಟ್ಟಮೊದಲ ಕನ್ನಡಕ ಚಾಳೀಸಿನ ಕನ್ನಡಕ. ದೂರ ಕಾಣದವರ ಸರದಿ ಬಂದಿದ್ದು ಅದಕ್ಕೂ ನೂರೈವತ್ತು ವರ್ಷದಷ್ಟು ತಡವಾಗಿ.

ನಮ್ಮ ನಾಡಿಗೆ ಇದು ಯಾವಾಗ ಬಂತು? ಇಲ್ಲಿ ಒಂದು ಸೊಗಸಾದ ದಾಖಲೆ ಇದೆ. ಪುರಂದರದಾಸರಿಗೂ ಕನಕದಾಸರಿಗೂ ಗುರುಗಳಾಗಿದ್ದ, ವಿಜಯನಗರದಲ್ಲಿ ಕೃಷ್ಣದೇವರಾಯ ಗೌರವಿಸಿದ ವ್ಯಾಸರಾಯರು ಗೊತ್ತಲ್ಲ? ಅವರ ಕಾಲದವನೇ ಆದ ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ ವ್ಯಾಸಯೋಗಿಚರಿತದಲ್ಲಿ, ವ್ಯಾಸರಾಯರು ಗ್ರಂಥ ಓದುವಾಗ ಕನ್ನಡಕ ಬಳಸುತ್ತಿದ್ದ ಉಲ್ಲೇಖ ಇದೆ. ಸುಮಾರು 1520ರ ಮಾತು. ಪುಣೆಯ ಭಂಡಾರ್ಕರ್ ಸಂಸ್ಥೆಯ ಪಿ. ಕೆ. ಗೋಡೆಯವರು ಭಾರತದ ಕನ್ನಡಕದ ಇತಿಹಾಸ ಬರೆಯುವಾಗ ಇದನ್ನು ಎತ್ತಿ ತೋರಿಸಿದರು. ಗೋವಾ ಪೋರ್ಚುಗೀಸರ ಕೈಗೆ ಹೋಗಿದ್ದು 1510ರಲ್ಲಿ. ಅವರಿಗೂ ವಿಜಯನಗರಕ್ಕೂ ಒಡನಾಟ ಇತ್ತು. ಆ ದಾರಿಯಲ್ಲೇ ಬಂದಿರಬೇಕು ಅನ್ನೋದು ವಿದ್ವಾಂಸರ ಊಹೆ. ತಾಳೆಗರಿಯ ಸಣ್ಣ ಅಕ್ಷರ, ವಯಸ್ಸಾದ ಕಣ್ಣು, ಓದಲೇಬೇಕಾದ ಗ್ರಂಥ.. ಕನ್ನಡಕ ಯಾರಿಗೆ ಮೊದಲು ಬೇಕಾಯ್ತು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಈ ಕನ್ನಡಕದಲ್ಲಿ ಒಂದು ತೊಂದರೆ. ಓದೋಕೆ ಹಾಕಿಕೊಂಡರೆ ಎದುರಿಗೆ ಇರೋರ ಮುಖ ಮಸುಕು. ದೂರದ್ದಕ್ಕೆ ಬೇರೆ ಕನ್ನಡಕ ಇದ್ದರಂತೂ ದಿನವಿಡೀ ತೆಗಿ, ಹಾಕು, ಎಲ್ಲಿಟ್ಟೆ ಅಂತ ಹುಡುಕು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಇದು ಸಾಕಾಗಿ ಹೋಗಿತ್ತು. ಎರಡು ಕನ್ನಡಕದ ಗಾಜುಗಳನ್ನು ಅರ್ಧಕ್ಕೆ ಕತ್ತರಿಸಿ, ಮೇಲೆ ದೂರದ್ದು ಕೆಳಗೆ ಓದೋದು ಅಂತ ಒಂದೇ ಫ್ರೇಮಿನಲ್ಲಿ ಕೂರಿಸಿದ. 1785ರ ಮೇ 23ರಂದು ಪ್ಯಾರಿಸ್ ಪಕ್ಕದ ಪಾಸಿಯಿಂದ ಗೆಳೆಯ ಜಾರ್ಜ್ ವ್ಯಾಟ್ಲಿಗೆ ಬರೆದ ಪತ್ರದಲ್ಲಿ ಇದರ ವಿವರ ಇದೆ. ಅವನು ಹೇಳಿದ ಲಾಭ ಕೇಳಿ: ಊಟಕ್ಕೆ ಕೂತಾಗ ತಟ್ಟೆಯಲ್ಲಿರೋದೂ ಕಾಣುತ್ತೆ, ಎದುರಿನವರ ಮುಖವೂ ಕಾಣುತ್ತೆ, ಮುಖ ಕಂಡರೆ ಅವರು ಆಡೋ ಫ್ರೆಂಚ್ ಅರ್ಥ ಆಗೋದು ಸುಲಭ! ಆಗ ಅವನಿಗೆ 79 ವರ್ಷ.

ಇದಕ್ಕೆ ಬೈಫೋಕಲ್ ಅಂತ ಹೆಸರು ಬಂದಿದ್ದು ಆಮೇಲೆ, 1820ರ ದಶಕದಲ್ಲಿ, ಜಾನ್ ಐಸಾಕ್ ಹಾಕಿನ್ಸ್ ಅನ್ನೋನಿಂದ. ಅವನೇ 1827ರಲ್ಲಿ ಮೂರು ಪವರಿನ ಟ್ರೈಫೋಕಲ್ ಕೂಡ ಮಾಡಿದ. 1908ರಲ್ಲಿ ಎರಡು ಬಗೆಯ ಗಾಜನ್ನು ಕರಗಿಸಿ ಬೆಸೆದ ಕ್ರಿಪ್ಟಾಕ್ ಬಂತು. ನಮ್ಮ ಕನ್ನಡಕದ ಅಂಗಡಿಗಳಲ್ಲಿ "ಕೇಟಿ ಬೈಫೋಕಲ್" ಅಂತ ಕೇಳಿದ್ದೀರಾ? ಆ ಕೇಟಿ ಇದೇ ಕ್ರಿಪ್ಟಾಕ್. ಕೆಳಗೆ ದುಂಡು ಕಿಟಕಿ ಇದ್ದರೆ ಕೇಟಿ, ಮಲಗಿಸಿದ ಡಿ ಅಕ್ಷರದ ಹಾಗಿದ್ದರೆ ಡಿ. ನಮ್ಮ ಮೇಷ್ಟ್ರುಗಳೆಲ್ಲ ತಲೆ ಬಗ್ಗಿಸಿ, ಕಣ್ಣು ಮೇಲೆತ್ತಿ ಕ್ಲಾಸನ್ನು ನೋಡುತ್ತಿದ್ದದ್ದು ಇದರ ಮೂಲಕವೇ.

ಬೈಫೋಕಲ್ಲಿನ ದೋಷ ಗೆರೆಯೊಂದೇ ಅಲ್ಲ. ಕಣ್ಣು ಗೆರೆ ದಾಟಿದ ತಕ್ಷಣ ಚಿತ್ರ ಒಮ್ಮೆಗೇ ಜಿಗಿಯುತ್ತೆ. ಇನ್ನೊಂದು, ದೂರಕ್ಕೂ ಹತ್ತಿರಕ್ಕೂ ನಡುವಿನದ್ದು, ಅಂದ್ರೆ ತೋಳಿನಳತೆಯದ್ದು, ಎರಡರಲ್ಲೂ ಸರಿಯಾಗಿ ಕಾಣಲ್ಲ. ಮೇಲಿಂದ ಕೆಳಕ್ಕೆ ಪವರ್ ಸ್ವಲ್ಪಸ್ವಲ್ಪವೇ ಏರುತ್ತಾ ಹೋದರೆ? ಈ ಯೋಚನೆಗೆ 1907ರಲ್ಲೇ ಇಂಗ್ಲೆಂಡಿನ ಓವೆನ್ ಏವ್ಸ್ ಪೇಟೆಂಟಿಗೆ ಅರ್ಜಿ ಹಾಕಿದ್ದ. ಕಾಗದದಲ್ಲಿ ಸರಿ, ಆದರೆ ಅಂಥ ಮೇಲ್ಮೈಯನ್ನ ಅರೆಯೋದು ಹೇಗೆ? ಸಾಮಾನ್ಯ ಲೆನ್ಸು ಗೋಳದ ತುಂಡು. ಎರಡು ಮೇಲ್ಮೈಗಳನ್ನು ಒಂದಕ್ಕೊಂದು ಉಜ್ಜುತ್ತಾ ಹೋದರೆ ಗೋಳ ತಾನಾಗಿ ಬರುತ್ತೆ. ಜಾಗಜಾಗಕ್ಕೂ ಬಾಗು ಬೇರೆ ಇರೋ ಮೇಲ್ಮೈ ಹಾಗೆ ಬರಲ್ಲ. ಏವ್ಸ್‌ನ ಲೆನ್ಸು ಮಾರುಕಟ್ಟೆಗೆ ಬರಲೇ ಇಲ್ಲ. ಕೆನಡಾದ ಮಾಂಟ್ರಿಯಲ್‌ನ ಗೌಲಂಡ್ 1920ರ ದಶಕದಲ್ಲಿ ಒಂದನ್ನ ಮಾರಿದ, ಅದೂ ನಿಲ್ಲಲಿಲ್ಲ.

ನಿಂತಿದ್ದು ಫ್ರಾನ್ಸಿನ ಬೆರ್ನಾರ್ ಮೆಟ್ನಾಸ್ ಮಾಡಿದ್ದು. 1948ರಲ್ಲಿ ಈ ಯುವಕ ಎಂಜಿನಿಯರ್ ಸೊಸೈಟಿ ದೆ ಲುನೆತಿಯೆ ಅನ್ನೋ ಕಂಪನಿಗೆ ಸೇರಿದ. 1849ರಲ್ಲಿ ಪ್ಯಾರಿಸ್ಸಿನ ಕನ್ನಡಕದ ಕೆಲಸಗಾರರೇ ಸೇರಿ ಕಟ್ಟಿಕೊಂಡ ಸಹಕಾರಿ ಸಂಘವೇ ಆ ಕಂಪನಿಯ ಮೂಲ. ತಂದೆಯ ಬೈಫೋಕಲ್ ಹಾಕಿ ನೋಡಿ, ಇದು ಕಣ್ಣಿಗೆ ಸಹಜವಲ್ಲ ಅಂತ ಅವನಿಗೆ ಅನ್ನಿಸಿತಂತೆ. 1951ರಲ್ಲಿ ತನ್ನ ಆಲೋಚನೆಯನ್ನು ಮುಚ್ಚಿದ ಲಕೋಟೆಯಲ್ಲಿ ದಾಖಲು ಮಾಡಿದ. ವಾರಿಲಕ್ಸ್ ಅನ್ನೋ ಹೆಸರಲ್ಲಿ ಅದು ಅಂಗಡಿಗೆ ಬಂದಿದ್ದು 1959ರಲ್ಲಿ. ನಡುವಿನ ಎಂಟು ವರ್ಷ ಹೋಗಿದ್ದು ಬಹುಪಾಲು ಲೆನ್ಸ್ ಮಾಡೋ ಯಂತ್ರಗಳಿಗೆ, ಅದನ್ನು ಅಳೆಯೋ ಸಾಧನಗಳಿಗೆ. ಆ ಕಂಪನಿ 1972ರಲ್ಲಿ ಸಿಲೋರ್ ಜೊತೆ ಸೇರಿ ಎಸ್ಸಿಲೋರ್ ಆಯ್ತು. ಮೆಟ್ನಾಸ್ ಮುಂದೆ ಅದರ ಮುಖ್ಯಸ್ಥನೂ ಆದ. ತೀರಿಕೊಂಡಿದ್ದು 2021ರಲ್ಲಿ.

ಇಲ್ಲೀವರೆಗೆ ಗೆಲುವಿನ ಕಥೆ. ಈಗ ಬರೋದು ಅಂಗಡಿಯಲ್ಲಿ ಯಾರೂ ಹೇಳದ ಕಥೆ.

1963ರಲ್ಲಿ ಜರ್ಮನಿಯ ಗುಂಟರ್ ಮಿಂಕ್ವಿಟ್ಸ್ ಅನ್ನೋ ಗಣಿತಜ್ಞ ಒಂದು ಪ್ರಮೇಯ ಪ್ರಕಟಿಸಿದ. ಸರಳವಾಗಿ ಹೇಳೋದಾದ್ರೆ ಹೀಗೆ: ಲೆನ್ಸಿನ ನಡುವಿನ ಗೆರೆಯ ಮೇಲೆ ಪವರ್ ಎಷ್ಟು ವೇಗವಾಗಿ ಏರುತ್ತೋ, ಅದರ ಎರಡರಷ್ಟು ವೇಗದಲ್ಲಿ ಅಕ್ಕಪಕ್ಕಕ್ಕೆ ಬೇಡದ ಸಿಲಿಂಡರ್ ಪವರ್ ಬೆಳೆಯುತ್ತೆ. ಈ ಬೇಡದ ಸಿಲಿಂಡರೇ ಸೈಡ್ ಬ್ಲರ್. ಇದು ಯಾವುದೋ ಕಾರ್ಖಾನೆಯ ಲೋಪ ಅಲ್ಲ, ಮೇಲ್ಮೈಯ ಗಣಿತ. 6,000ದ್ದಕ್ಕೂ 42,000ದ್ದಕ್ಕೂ ಒಂದೇ ಕಾನೂನು.

ಲೆಕ್ಕ ಹಾಕಿ ನೋಡೋಣ. ದೂರದ ಜಾಗಕ್ಕೂ ಓದುವ ಜಾಗಕ್ಕೂ ನಡುವಿನ ದಾರಿಗೆ ಕಾರಿಡಾರ್ ಅಂತಾರೆ. ನಾನು ಓಣಿ ಅಂತೀನಿ. ಓಣಿ 14 ಮಿಲಿಮೀಟರ್ ಉದ್ದ ಇದೆ, ಓದುವ ಹೆಚ್ಚುವರಿ ಪವರ್ (ಚೀಟಿಯಲ್ಲಿ 'ಆಡ್' ಅಂತ ಬರೆದಿರ್ತಾರೆ) 2.00 ಅಂತಿಟ್ಟುಕೊಳ್ಳಿ. ಮಿಲಿಮೀಟರಿಗೆ 0.14ರಂತೆ ಪವರ್ ಏರಿತು. ಪಕ್ಕಕ್ಕೆ ಅದರ ಎರಡರಷ್ಟು, ಅಂದ್ರೆ ಸುಮಾರು 0.28. ಅರ್ಧ ಪವರಿನಷ್ಟು ಮಸುಕನ್ನು ಕಣ್ಣು ಸಹಿಸಿಕೊಳ್ಳುತ್ತೆ ಅಂದ್ರೂ ಓಣಿಯ ಅಗಲ ಸುಮಾರು 3.5 ಮಿಲಿಮೀಟರ್ ಅಷ್ಟೇ! ಆಡ್ 1.00 ಇದ್ದರೆ 7 ಮಿಲಿಮೀಟರ್. 2.50 ಆದರೆ 2.8.

ಈ ಲೆಕ್ಕದಿಂದ ಎರಡು ವಿಷಯ ಗೊತ್ತಾಗುತ್ತೆ. ಆಡ್ ಕಡಿಮೆ ಇದ್ದಾಗಲೇ ಶುರು ಮಾಡಿದವರಿಗೆ ಒಗ್ಗೋದು ಸುಲಭ. ಮತ್ತೆ, ಓಣಿ ಗಿಡ್ಡ ಆದಷ್ಟೂ ಇಕ್ಕಟ್ಟು. ಎತ್ತರ ಇಲ್ಲದ ಸಣ್ಣ ಫ್ರೇಮಿಗೆ ಗಿಡ್ಡ ಓಣಿಯೇ ಗತಿ. ಫ್ರೇಮಿನ ಚಂದಕ್ಕೆ ನಾವು ಕೊಡೋ ಬೆಲೆ ಇದು.

ಹಾಗಾದ್ರೆ 1963ರಿಂದ ಇಲ್ಲೀವರೆಗೆ ಆ ಎಂಜಿನಿಯರುಗಳೆಲ್ಲ ಮಾಡಿದ್ದೇನು? ಹೋಳಿಗೆ ತಟ್ಟೋದನ್ನ ನೋಡಿದ್ದೀರಲ್ಲ. ಒಂದು ಕಡೆ ಒತ್ತಿದರೆ ಹೂರಣ ಇನ್ನೊಂದು ಕಡೆ ಸೇರುತ್ತೆ, ಮಾಯ ಆಗಲ್ಲ. ಮಸುಕೂ ಹಾಗೇ. ಮೊದಲ ವಾರಿಲಕ್ಸ್‌ನಲ್ಲಿ ದೂರಕ್ಕೆ, ಓದೋಕೆ ದೊಡ್ಡ ಸ್ವಚ್ಛ ಜಾಗ ಇತ್ತು, ಪಕ್ಕದಲ್ಲಿ ಮಸುಕು ಗುಡ್ಡೆ ಬಿದ್ದಿತ್ತು. 1972ರ ವಾರಿಲಕ್ಸ್ 2ರಲ್ಲಿ ಅದನ್ನ ಇಡೀ ಲೆನ್ಸಿಗೆ ತೆಳ್ಳಗೆ ಹರಡಿದರು. ತಲೆ ತಿರುಗಿಸಿದಾಗ ನೆಲ ತೂಗಾಡೋದು ಕಡಿಮೆ ಆಯ್ತು. ಮೊದಲನೆಯ ಥರದ್ದಕ್ಕೆ 'ಹಾರ್ಡ್' ವಿನ್ಯಾಸ ಅಂತಲೂ ಎರಡನೆಯದ್ದಕ್ಕೆ 'ಸಾಫ್ಟ್' ಅಂತಲೂ ಹೆಸರು. 1983ರಲ್ಲಿ ಝೈಸ್ ಕಂಪನಿ ಗ್ರಾಡಲ್ ಎಚ್ಎಸ್ ತಂದಿತು. ಪಕ್ಕಕ್ಕೆ ನೋಡುವಾಗ ಎರಡೂ ಕಣ್ಣಿಗೆ ಸಿಗೋ ಚಿತ್ರ ಒಂದಕ್ಕೊಂದು ಹೊಂದಬೇಕು ಅನ್ನೋದು ಅದರ ಗುರಿ. 1997ರಲ್ಲಿ ಜಪಾನಿನ ಸೈಕೊ ಪ್ರೋಗ್ರೆಸಿವ್ ಮೇಲ್ಮೈಯನ್ನ ಲೆನ್ಸಿನ ಹಿಂಬದಿಗೆ ತಂದಿತು. ಕಿಟಕಿಗೆ ಹತ್ತಿರ ಹೋದಷ್ಟೂ ಹೊರಗಿನದ್ದು ಅಗಲವಾಗಿ ಕಾಣುತ್ತಲ್ಲ, ಹಾಗೆ.

ದೊಡ್ಡ ಬದಲಾವಣೆ ಅಂದ್ರೆ ಫ್ರೀಫಾರ್ಮ್. ಕಂಪ್ಯೂಟರ್ ಹೇಳಿದ ಹಾಗೆ ವಜ್ರದ ಮೊನೆ ಲೆನ್ಸಿನ ಮೇಲ್ಮೈಯನ್ನ ಬಿಂದುಬಿಂದುವಾಗಿ ಕೆತ್ತುತ್ತೆ. ಏವ್ಸ್‌ಗೆ ಸಿಗದಿದ್ದ ಯಂತ್ರ ಇದು. ಇದರಿಂದಾಗಿ 2000ದಲ್ಲಿ ಝೈಸ್ ಒಬ್ಬೊಬ್ಬರ ಅಳತೆಗೂ ಬೇರೆಬೇರೆ ಲೆಕ್ಕ ಹಾಕಿದ ಲೆನ್ಸ್ ತಂದಿತು. ಅದಕ್ಕೆ ಮುಂಚೆ ಪ್ರೋಗ್ರೆಸಿವ್ ಅಂದ್ರೆ ಸಿದ್ಧ ಉಡುಪು. ಆಮೇಲೆ ಟೈಲರ್ ಹತ್ರ ಹೊಲಿಸಿದ ಅಂಗಿ.

ದುಬಾರಿ ಲೆನ್ಸಿನಲ್ಲಿ ನಮಗೆ ಸಿಗೋದು ಈ ಹೊಲಿಗೆ. ಮಸುಕು ಇಲ್ಲದ ಲೆನ್ಸ್ ಅಲ್ಲ, ನಾವು ಹೆಚ್ಚು ನೋಡದ ಕಡೆ ಮಸುಕನ್ನು ಸರಿಸಿದ ಲೆನ್ಸ್. ಆದರೆ ಟೈಲರ್ ಅಳತೆಯನ್ನೇ ತಪ್ಪು ತಗೊಂಡರೆ? ಓಣಿಯ ಅಗಲವೇ ಮೂರೂವರೆ ಮಿಲಿಮೀಟರ್. ಅಳತೆ 2 ಮಿಲಿಮೀಟರ್ ಆಚೀಚೆ ಆದರೆ ಕಣ್ಣು ಓಣಿ ಬಿಟ್ಟು ಚರಂಡಿಗೆ ಇಳಿದಂತೆ. ಅಲ್ಲಿಗೆ 42,000ವೂ ಹೋಯ್ತು. ಹಾಗಾಗಿ ನಾನು ಲೆನ್ಸಿನ ಹೆಸರಿಗಿಂತ ಅಳತೆ ತೆಗೆಯೋ ಕೈಯನ್ನ ಮೊದಲು ನೋಡೋದು ಅಂತ ತೀರ್ಮಾನಿಸಿದೆ. ನೋಡಬೇಕಾದ್ದು ಇಷ್ಟು:

- ಫ್ರೇಮನ್ನು ಮೊದಲು ನಮ್ಮ ಮುಖಕ್ಕೆ ಸರಿಯಾಗಿ ಕೂರಿಸಬೇಕು, ಆಮೇಲೆ ಅಳತೆ.
- ಮೂಗಿನ ನಡುವಿನಿಂದ ಎಡಗಣ್ಣಿಗೆ ಎಷ್ಟು, ಬಲಗಣ್ಣಿಗೆ ಎಷ್ಟು ಅಂತ ಬೇರೆಬೇರೆ ಅಳೀಬೇಕು. ಎರಡೂ ಸಮ ಇರಲೇಬೇಕು ಅಂತೇನಿಲ್ಲ.
- ಕಣ್ಣಿನ ಪಾಪೆಯ ಎತ್ತರವನ್ನ ಆ ಫ್ರೇಮ್ ಹಾಕಿಕೊಂಡಿರುವಾಗಲೇ, ಅಳೆಯೋರು ನಮ್ಮ ಕಣ್ಣಿನ ಮಟ್ಟಕ್ಕೆ ಬಂದು ಗುರುತು ಹಾಕಬೇಕು. ಪಾಪೆಯಿಂದ ಫ್ರೇಮಿನ ಕೆಳ ಅಂಚಿಗೆ 18 ಮಿಲಿಮೀಟರ್ ಇದ್ದರೆ ಸಾಮಾನ್ಯ ಓಣಿಗೆ ಜಾಗ ಸಿಗುತ್ತೆ.
- ಲೆನ್ಸ್ ಬಂದ ಮೇಲೆ ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಒಂದಕ್ಕೊಂದು 34 ಮಿಲಿಮೀಟರ್ ದೂರದಲ್ಲಿ ಎರಡು ಸಣ್ಣ ಕೆತ್ತನೆ ಗುರುತು ಇರುತ್ತೆ. ಒಂದರ ಕೆಳಗೆ ಆಡ್, ಇನ್ನೊಂದರ ಕೆಳಗೆ ಕಂಪನಿಯ ಗುರುತು. ಬಿಲ್ಲಿನಲ್ಲಿ ಇರೋದೇ ಲೆನ್ಸಿನಲ್ಲೂ ಇದೆಯಾ ಅಂತ ತಾಳೆ ನೋಡಬಹುದು.
- ಒಗ್ಗದಿದ್ದರೆ ಬದಲಿಸಿ ಕೊಡ್ತೀರಾ, ಎಷ್ಟು ದಿನದೊಳಗೆ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ತೆಳು ಲೆನ್ಸ್ ಅಂತ ಇನ್ನಷ್ಟು ಹಣ ಕೇಳ್ತಾರೆ. ತೆಳುವಾದದ್ದಕ್ಕೂ ಸ್ಪಷ್ಟವಾಗಿ ಕಾಣೋದಕ್ಕೂ ಸಂಬಂಧ ಇಲ್ಲ. ಬಣ್ಣ ಒಡೆಯದಂತೆ ಬೆಳಕನ್ನು ಸಾಗಿಸೋ ಗುಣಕ್ಕೆ ಆಬೆ ಸಂಖ್ಯೆ ಅಂತ ಒಂದು ಅಳತೆ ಇದೆ. ಅಗ್ಗದ ಮಾಮೂಲಿ ಪ್ಲಾಸ್ಟಿಕ್ ಸಿಆರ್-39ಕ್ಕೆ ಅದು 58. ಪಾಲಿಕಾರ್ಬೊನೇಟಿಗೆ 30. ಪಾಲಿಕಾರ್ಬೊನೇಟ್ ಒಡೆಯೋದು ಕಷ್ಟ, ಅದು ಒಳ್ಳೇದೇ. ಆದರೆ ಪವರ್ ಕಡಿಮೆ ಇದ್ದವರು ತೆಳುವಿಗಾಗಿ ದುಡ್ಡು ಸುರಿಯೋ ಬದಲು ಆ ಹಣವನ್ನ ಒಳ್ಳೇ ವಿನ್ಯಾಸಕ್ಕೆ ಹಾಕೋದು ಮೇಲು. ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರೋರಿಗೆ ಯಾವ ಪ್ರೋಗ್ರೆಸಿವ್ ಆದರೂ ಆ ಇಕ್ಕಟ್ಟಿನ ಓಣಿಯಲ್ಲೇ ಸ್ಕ್ರೀನ್ ನೋಡಬೇಕು. ಅದಕ್ಕೆ ಅಂತಲೇ ನಡುದೂರವನ್ನ ಅಗಲ ಮಾಡಿದ ಬೇರೆ ಲೆನ್ಸ್ ಇದೆ. ನಾನು ಕೊನೆಗೆ ಮಧ್ಯದ ಬೆಲೆಯ ಪ್ರೋಗ್ರೆಸಿವ್ ಒಂದು, ಕಂಪ್ಯೂಟರಿಗೆ ಅಂತ ಇನ್ನೊಂದು, ಹೀಗೆ ಎರಡು ಮಾಡಿಸಿದೆ. ಎರಡೂ ಸೇರಿ 42,000 ಮುಟ್ಟಲಿಲ್ಲ.

ಈ ಓದಿನಿಂದ ನಿಜವಾಗಿ ಉಪಯೋಗ ಆಗಿದ್ದು ಮಾತ್ರ ಅಮ್ಮನ ವಿಷಯದಲ್ಲಿ.

ಅಮ್ಮನಿಗೆ 74. ತೀರ್ಥಹಳ್ಳಿ ಕಡೆಯ ಹಳೇ ಮನೆ. ಜಗಲಿಯಿಂದ ಅಂಗಳಕ್ಕೆ ಮೂರು ಕಲ್ಲಿನ ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ. ಬಹಳ ವರ್ಷದಿಂದ ಡಿ ಬೈಫೋಕಲ್. "ಮೆಟ್ಟಿಲು ಇಳಿಯೋವಾಗ ಕಾಲು ಎಲ್ಲಿಡ್ತಿದ್ದೀನಿ ಅಂತ್ಲೇ ತಿಳಿಯಲ್ಲ ಮಾರಾಯ" ಅಂತ ಹೇಳ್ತಾನೇ ಇದ್ದರು. ತಮ್ಮನಿಗೆ ಅಮ್ಮನಿಗೂ ದುಬಾರಿ ಪ್ರೋಗ್ರೆಸಿವ್ ಕೊಡಿಸೋ ಆಸೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಮ್ಮನ ಆಡ್ 2.50, ಓಣಿ 2.8 ಮಿಲಿಮೀಟರ್. ಅದಕ್ಕಿಂತ ಮುಖ್ಯ, ಮೆಟ್ಟಿಲು ನೋಡೋಕೆ ಕಣ್ಣು ಕೆಳಗಿಳಿಸಿದರೆ ಬೈಫೋಕಲ್ ಆಗಲಿ ಪ್ರೋಗ್ರೆಸಿವ್ ಆಗಲಿ, ಕಣ್ಣೆದುರು ಬರೋದು ಓದೋ ಪವರ್. ಅದು 40 ಸೆಂಟಿಮೀಟರ್ ದೂರಕ್ಕೆ ಅಂತ ಮಾಡಿದ್ದು. ಕಾಲು ಇರೋದು ಒಂದೂವರೆ ಮೀಟರ್ ಕೆಳಗೆ.

ಆಸ್ಟ್ರೇಲಿಯಾದ ಸ್ಟೀಫನ್ ಲಾರ್ಡ್ ಮತ್ತು ಸಂಗಡಿಗರು 2002ರಲ್ಲಿ 156 ಜನ ಹಿರಿಯರನ್ನು ಗಮನಿಸಿ ಬರೆದ ವರದಿಯಲ್ಲಿ, ಇಂಥ ಬಹುಪವರಿನ ಕನ್ನಡಕ ಹಾಕೋರು ಬೀಳೋ ಸಂಭವ ಎರಡು ಪಟ್ಟಿಗಿಂತ ಹೆಚ್ಚು ಅಂತ ಕಂಡುಬಂತು. 2010ರಲ್ಲಿ ಅಲ್ಲಿಯದೇ ಇನ್ನೊಂದು ಪ್ರಯೋಗ, 606 ಜನರ ಮೇಲೆ. ಅರ್ಧದಷ್ಟು ಜನರಿಗೆ ಓಡಾಡೋಕೆ ಅಂತ ಬರೀ ದೂರದ ಪವರಿನ ಕನ್ನಡಕ ಕೊಟ್ಟರು. ಹೊರಗೆ ಚೆನ್ನಾಗಿ ಓಡಾಡೋ ಅಭ್ಯಾಸ ಇದ್ದವರಲ್ಲಿ ಬೀಳೋದು ಕಡಿಮೆ ಆಯ್ತು. ಅಪರೂಪಕ್ಕೆ ಹೊರಗೆ ಬರೋರಲ್ಲಿ ಮಾತ್ರ ಹೊರಗೆ ಬೀಳೋದು ಹೆಚ್ಚಾಯ್ತು. ಅಂದ್ರೆ ಎಲ್ಲರಿಗೂ ಒಂದೇ ಮದ್ದಲ್ಲ.

ನಮ್ಮಮ್ಮ ಬೆಳಗ್ಗೆ ಎದ್ದರೆ ಹೂವಿನ ಗಿಡ, ಬಾವಿಕಟ್ಟೆ, ದೇವಸ್ಥಾನ, ತೋಟ ಅಂತ ಇಡೀ ದಿನ ಹೊರಗೇ. ಕಣ್ಣಿನ ಡಾಕ್ಟರ ಹತ್ತಿರ ಇದನ್ನೆಲ್ಲ ಮಾತಾಡಿ, ಓಡಾಡೋಕೆ ಬರೀ ದೂರದ ಪವರಿನದೊಂದು, ಪೇಪರ್ ಓದೋಕೆ ಒಂದು ಅಂತ ಎರಡು ಮಾಡಿಸಿದ್ವಿ. ಓದೋದಕ್ಕೆ ಕೊರಳಿಗೆ ಹಾಕಿಕೊಳ್ಳೋ ದಾರ. ತಮ್ಮನಿಗೆ ಸ್ವಲ್ಪ ಬೇಜಾರಾಯ್ತು, ಇಷ್ಟು ಕಡಿಮೆ ಖರ್ಚಿನದ್ದಾ ಅಂತ. ಅಮ್ಮ ಮೆಟ್ಟಿಲು ಇಳಿಯುವಾಗ ಈಗ ಕಂಬ ಹಿಡಿಯೋದನ್ನ ಬಿಟ್ಟಿಲ್ಲ, ಆದರೆ ತಡವರಿಸೋದು ನಿಂತಿದೆ. ಫ್ರಾಂಕ್ಲಿನ್ ಯಾವ ಎರಡು ಕನ್ನಡಕದ ಕಾಟದಿಂದ ತಪ್ಪಿಸಿಕೊಂಡನೋ, ಅದೇ ಎರಡು ಕನ್ನಡಕ ನಮ್ಮ ಜಗಲಿಗೆ ಸರಿಹೋಯ್ತು ನೋಡಿ.

ನಿಮ್ಮ ಮನೆಯ ಹಿರಿಯರು ಯಾವ ಕನ್ನಡಕದಲ್ಲಿ ಮೆಟ್ಟಿಲು ಇಳಿಯುತ್ತಾರೆ ಅಂತ ಒಮ್ಮೆ ಗಮನಿಸಿ. ಮತ್ತೆ ನಿಮ್ಮ ಕಡೆ ಚಾಳೀಸಿಗೆ ಬೇರೆ ಹೆಸರೇನಾದ್ರೂ ಇದ್ದರೆ ಬರೀರಿ, ಪದ ಕೂಡಿಸಿಕೊಳ್ಳೋ ಚಟ ಇನ್ನೂ ಹೋಗಿಲ್ಲ :)